ಮುಂದಿನ ಸಲ ಬಂದ್ ಆದಾಗ

"ಮುಟ್ಟಬ್ಯಾಡ್ರಿ ಮೇಡಂ."

ಎಂಟು ತಿಂಗಳಾದ ಮೇಲೆ ಎದುರುಬದುರು ನಿಂತಾಗ ಕಪಿಲನ ಬಾಯಿಂದ ಬಂದ ಮೊದಲ ಮಾತು ಇದು. ಮೈತ್ರಿಗೆ ಮೈಯೆಲ್ಲ ಉರಿಯಿತು. ವಾಡಿಯಿಂದ ಬೆಳಗಿನ ಗಾಡಿ ಹಿಡಿದು, ಸೇಡಂನಲ್ಲಿ ಇಳಿದು, ಆಟೋದಲ್ಲಿ ನಾಲ್ಕು ಮಂದಿಯ ನಡುವೆ ಇಕ್ಕಟ್ಟಾಗಿ ಕುಳಿತು ಸಿಮೆಂಟ್ ಕಾರ್ಖಾನೆಯ ಲಾರಿ ಗೇಟಿಗೆ ಬರುವಷ್ಟರಲ್ಲಿ ಅವಳ ಹಸಿರು ಕುರ್ತಾ ಬೂದಿ ಬಣ್ಣಕ್ಕೆ ತಿರುಗಿತ್ತು. ಬಂದವಳನ್ನು ನೀರು ಬೇಕೇನು ಎಂದು ಕೇಳಲಿಲ್ಲ. ಹೇಗಿದ್ದೀರಿ ಎನ್ನಲಿಲ್ಲ. ಮುಟ್ಟಬೇಡಿ ಅಂತೆ.

"ನಾ ಇನ್ನಾ ಬಾಗಲದಾಗೇ ನಿಂತೀನ್ರಿ," ಎಂದಳು ಮೈತ್ರಿ.

"ಕೈ ಅತ್ಲಾಗ ಹೊಂಟಿತ್ತು. ಅದಕ್ಕ ಹೇಳ್ದೆ."

"ಮಾರಿ ಒರಸ್ಕೊಳ್ಳಾಕ ಚೀಲದಾಗಿಂದ ಕರ್ಚೀಫ್ ತಗ್ಯಾಕತ್ತೀನಿ. ಅದಕ್ಕೂ ಪರ್ಮಿಷನ್ ಬೇಕೇನು?"

ಕಪಿಲ ಜೇಬಿನ ಪೆನ್ನು ಮುಟ್ಟಿಕೊಂಡ. ನಗು ಬರುವ ಮುಂಚೆ ಅವನ ಬೆರಳು ಅಲ್ಲಿಗೇ ಹೋಗುತ್ತದೆ, ಆಮೇಲೆ ಕಣ್ಣು ಕೆಳಗಿಳಿಯುತ್ತದೆ, ಆಮೇಲೆ ಎಡಗೆನ್ನೆಯಲ್ಲಿ ಒಂದು ಸಣ್ಣ ಕುಳಿ ಬೀಳುತ್ತದೆ. ಶಹಾಬಾದದ ಒಂದು ಮದುವೆಯಲ್ಲಿ ಅವನನ್ನು ಮೊದಲ ಸಲ ಕಂಡಾಗ ಮೈತ್ರಿಯನ್ನು ಬೀಳಿಸಿದ್ದು ಇದೇ ಪೆನ್ನು, ಇದೇ ಕುಳಿ. ಇವತ್ತು ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಹಾಳಾದ ಕುಳಿ ನೋಡಿ ಸಿಟ್ಟು ಇಳಿಸಿಕೊಳ್ಳಲು ಅವಳು ಅಷ್ಟು ದೂರದಿಂದ ಬಂದಿರಲಿಲ್ಲ.

ಕೋಣೆಯ ಮಧ್ಯೆ ಕಬ್ಬಿಣದ ಮೇಜಿನ ಮೇಲೆ ಆ ಮಶೀನ್ ಕೂತಿತ್ತು. ಲಾರಿಗಳು ಕಾಟಾದ ಮೇಲೆ ಹತ್ತಿ ತೂಕ ಕೊಟ್ಟರೆ ಆ ತೂಕ ಬಂದು ಸೇರುವುದು ಈ ಕರಿ ಡಬ್ಬಿಗೆ. ಇದು ನಿಂತರೆ ಒಂದು ಲಾರಿಯೂ ಒಳಗೆ ಬರುವುದಿಲ್ಲ, ಹೊರಗೆ ಹೋಗುವುದೂ ಇಲ್ಲ. ಗೇಟಿನ ಮಂದಿ ದಸರೆಗೆ ಹಾಕಿದ ಚೆಂಡುಹೂವಿನ ಹಾರ ಅದರ ಮೇಲೆ ಒಣಗಿ ಜೋತುಬಿದ್ದಿತ್ತು. ತೆಗೆಯಲು ಹೋದರೆ ಯಾವುದಾದರೂ ವೈರು ಅಲುಗೀತು ಎಂದು ಕಪಿಲ ಮಾರ್ಚ್ ತಿಂಗಳಾದರೂ ಆ ಹಾರ ತೆಗೆದಿರಲಿಲ್ಲ. ಸ್ಕ್ರೀನಿನ ಮೂಲೆಯಲ್ಲಿ ಮಶೀನ್ ಎಷ್ಟು ದಿನದಿಂದ ನಿಲ್ಲದೆ ನಡೆದಿದೆ ಎಂಬ ಲೆಕ್ಕ ಕಾಣುತ್ತಿತ್ತು. ಒಂದು ಸಾವಿರದ ನಾನೂರ ಹನ್ನೆರಡು ದಿನ.

ಆ ದಿನಗಳಿಗೂ ಒಂದು ಕಥೆಯಿತ್ತು. ಹೆಚ್ಚುಕಡಿಮೆ ನಾಲ್ಕು ವರ್ಷದ ಹಿಂದೆ ಈ ಕುರ್ಚಿಯಲ್ಲಿ ಮಾಣಿಕಪ್ಪ ಎಂಬ ಹಿರಿಯರಿದ್ದರು. ಒಂದು ದಿನ ಮೇಲಿನವರು ಹೇಳಿದರೆಂದು ಮಶೀನ್ ಬಂದ್ ಮಾಡಿ ಚಾಲೂ ಮಾಡಿದರು. ಮಶೀನ್ ಎದ್ದಿತು, ಆದರೆ ನಾಲ್ಕು ಕಾಟಾಗಳಲ್ಲಿ ಮೂರು ಏಳಲಿಲ್ಲ. ಮರುದಿನ ಮಧ್ಯಾಹ್ನದವರೆಗೆ ಲಾರಿಗಳು ಕಾಗಿಣಾ ಸೇತುವೆಯ ತನಕ ನಿಂತವು, ಡ್ರೈವರುಗಳು ಗೇಟಿಗೆ ಬಂದು ಬಾಯಿಗೆ ಬಂದಂತೆ ಬೈದರು. ಮಾಣಿಕಪ್ಪನವರನ್ನು ಗಣಿಯ ಕಡೆ ಹಾಕಿದರು, ಮೂರು ತಿಂಗಳಿಗೆ ಅವರು ನೌಕರಿಯನ್ನೇ ಬಿಟ್ಟರು. ಕೈಕೆಳಗಿದ್ದ ಕಪಿಲನಿಗೆ ಅವರ ಕುರ್ಚಿ ಸಿಕ್ಕಿತು, ಕುರ್ಚಿಯ ಜೊತೆಗೆ ಅವರ ಭಯವೂ ಸಿಕ್ಕಿತು.

ಅಂದಿನಿಂದ ಈ ಕೋಣೆಗೆ ಒಂದು ರೂಢಿ ಬಂತು. ಯಾರು ಏನು ಬದಲಿಸಿ ಎಂದರೂ ಕಪಿಲ ಇಲ್ಲ ಎನ್ನುತ್ತಿರಲಿಲ್ಲ. ಮಶೀನ್ ಏಳುವಾಗ ತಾನು ಏನೇನು ಶುರು ಮಾಡಬೇಕೆಂದು ಓದಿಕೊಳ್ಳುವ ಒಂದು ಫೈಲ್ ಇದೆ. ಅದರಲ್ಲಿ ಮುತುವರ್ಜಿಯಿಂದ ಬರೆಯುತ್ತಿದ್ದ. ಬರೆದು ಹೇಳುತ್ತಿದ್ದ, "ಬರದೀನ್ರಿ. ಮುಂದಿನ ಸಲ ಬಂದ್ ಆದಾಗ ಹತ್ತತದ." ಆ ಮುಂದಿನ ಸಲ ಯಾವತ್ತೂ ಬರಲಿಲ್ಲ, ಬರೆದದ್ದು ಜಾರಿಗೂ ಬರಲಿಲ್ಲ. ಕಾಟಾದ ಮೇಲೆ ಕೆಲಸ ಮಾಡುವ ಅಬ್ದುಲ್ ಮಜೀದ ಮನೆಯಲ್ಲಿ ಹೆಂಡತಿ ನಳ ರಿಪೇರಿ ಮಾಡಿಸು ಎಂದರೂ ಮುಂದಿನ ಸಲ ಬಂದ್ ಆದಾಗ ಎನ್ನುವಷ್ಟು ಆ ಮಾತು ಗೇಟಿನಲ್ಲಿ ಬೇರೂರಿತ್ತು.

ಮೈತ್ರಿಯ ಆಫೀಸು ವಾಡಿಯಲ್ಲಿ. ಐದು ಜನರ ಸಣ್ಣ ಆಫೀಸು. ಚಿತ್ತಾಪುರದ ಬೇಳೆ ಮಿಲ್ಲು, ಶಹಾಬಾದದ ಕಲ್ಲಿನ ಅಂಗಡಿ, ಸೇಡಂನ ಈ ಲಾರಿ ಗೇಟು, ಎಲ್ಲರ ಮಶೀನುಗಳನ್ನೂ ಫೋನಿನಲ್ಲೇ ನೋಡಿಕೊಳ್ಳುತ್ತಿದ್ದಳು. ಎರಡು ವರ್ಷದಿಂದ ವಾರಕ್ಕೆ ಎರಡು ಸಲವಾದರೂ ಕಪಿಲನ ದನಿ ಅವಳ ಕಿವಿಗೆ ಬೀಳುತ್ತಿತ್ತು. ಮೊದಮೊದಲು ಕೆಲಸದ ಮಾತು, ಆಮೇಲೆ ಕೆಲಸ ಮುಗಿದ ಮೇಲೂ ಫೋನ್ ಇಡದೆ ಎರಡೂ ಕಡೆ ಸುಮ್ಮನೆ ಉಸಿರು.

ಕಳೆದ ಜುಲೈನಲ್ಲಿ ಚಿತ್ತಾಪುರ ಸ್ಟೇಷನ್ನಿನಲ್ಲಿ, ಗಾಡಿ ಬರಲು ಐದು ನಿಮಿಷವಿದ್ದಾಗ, ಅವನು ಹೇಳಿಬಿಟ್ಟಿದ್ದ. "ನಿಮ್ಮಪ್ಪರ ಮುಂದ ಕುಂತು ನಾನೇ ಕೇಳ್ತೀನಿ. ನೀ ಏನೂ ಹೇಳಬ್ಯಾಡ. ಅಕ್ಕಂದು ಮದವಿ ಒಂದು ಆಗ್ಲಿ." ಅಕ್ಕನ ಮದುವೆ ಗುಂಡಗುರ್ತಿಯಲ್ಲಿ ಜೋರಾಗಿಯೇ ಆಯಿತು. ಆಮೇಲೆ ಮನೆಯ ಮಾಡಿಗೆ ಹೊಸ ತಗಡಿನ ಪತ್ರಾ ಹಾಕಿಸುವುದು ಬಂತು. ಪತ್ರಾ ಬಿತ್ತು. ಆಮೇಲೆ ನೌಕರಿ ಪರ್ಮನೆಂಟ್ ಆಗಲಿ ಎಂದ. ಮೈತ್ರಿ ಏನೂ ಹೇಳಬೇಡ ಎಂದ ಅವನ ಮಾತಿಗೆ ಕಟ್ಟುಬಿದ್ದು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಅಪ್ಪ ಧರ್ಮಣ್ಣ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ನಿವೃತ್ತನಾದವನು. ಯಾವ ಗಾಡಿ ಯಾವ ಲೈನಿಗೆ ಎಂದು ಮೂವತ್ತು ವರ್ಷ ಹೊತ್ತಿಗೆ ಸರಿಯಾಗಿ ನಿರ್ಧಾರ ಮಾಡಿದ ಮನುಷ್ಯ. "ಯಾರನ್ನರ ನೋಡಿದ್ರ ಹೇಳವ್ವ. ಇಲ್ಲಾಂದ್ರ ಐತವಾರ ಚಿತ್ತಾಪುರದವ್ರು ಬರ್ತಾರ, ಕುಂದ್ರು," ಎಂದಿದ್ದ.

ಮಂಗಳವಾರ ಅವಳು ಕಪಿಲನಿಗೆ ಫೋನ್ ಮಾಡಿ ಇದನ್ನು ಹೇಳಿದಳು. ಅದಕ್ಕವನು ಅಂದ, "ಹೊಸಾ ಐದನೇ ಕಾಟಾ ಚಾಲೂ ಮಾಡೂ ಸಲುವಾಗಿ ಸೋಮವಾರ ಮಶೀನ್ ಬಂದ್ ಮಾಡಾಕ ಪರ್ಮಿಷನ್ ಸಿಕ್ಕದ. ಅದೊಂದು ಮುಗೀಲಿ ಮೈತ್ರಿ."

ಗಂಡಿನವರು ಬರುವುದು ಭಾನುವಾರ. ಇವನು ಬಾಯಿ ಬಿಡುವುದು ಸೋಮವಾರದ ಮೇಲೆ. ಅವಳು ಫೋನ್ ಇಟ್ಟು ಆಫೀಸಿನ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಅತ್ತಾದ ಮೇಲೆ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ, ಸೇಡಂನ ಕೆಲಸಕ್ಕೆ ಶುಕ್ರವಾರ ನಾನೇ ಹೋಗುತ್ತೇನೆ ಎಂದು ಸಾಹೇಬರಿಗೆ ಹೇಳಿದಳು. ಇವತ್ತು ಶುಕ್ರವಾರ.

"ಸೋಮವಾರ ಬಂದ್ ಮಾಡೂದೇ ಬ್ಯಾಡ್ರಿ," ಮೈತ್ರಿ ಕುರ್ಚಿ ಎಳೆದುಕೊಂಡಳು. "ನಿಮಗ ಫೋನದಾಗ ಮೂರು ಸಲ ಹೇಳೀನಿ. ಮಶೀನ್ ನಡೀತಿರೂಹಾಂಗೇ ಆ ಫೈಲ್ ಇನ್ನೊಮ್ಮಿ ಓದು ಅಂತ ಒಂದು ಮಾತು ಹೇಳಿದ್ರ ಸಾಕು. ಓದ್ಕೋತದ. ಹೊಸಾದು ಏನದ ಅದಷ್ಟೇ ಶುರು ಆಗ್ತದ."

"ನಡ್ಯಾಕತ್ತಿದ್ದು ನಿಂತ್ರ?"

"ನಿಂದ್ರೂದಿಲ್ಲ."

"ಇನಿಟ್ ಅಂತ ಬರದು ಕ್ಯೂ ಒತ್ತಬೇಕು. ಹೌದಲ್ರಿ? ಕೀಬೋರ್ಡದಾಗ ಕ್ಯೂ ಮ್ಯಾಲೇನೇ ಒಂದರ ಅಂಕಿ ಅದ. ಬೆರಳು ಜಾರಿ ಒಂದು ಬಿತ್ತು ಅಂದ್ರ ಎಲ್ಲಾ ಕಾಟಾ ಬಂದ್."

"ಜಾರದಂಗ ಒತ್ರಿ."

"ಮಾಣಿಕಪ್ಪ ಸರೂ ಹಿಂಗೇ ಅಂದಿದ್ರು."

ಮೈತ್ರಿ ಹಲ್ಲು ಕಡಿದಳು. ಹೊಸ ಕಾಟಾ ಕಟ್ಟಿದಾಗಿನಿಂದ ಒಂದು ಅಕ್ಷರ ಒತ್ತಲು ಏಳು ತಿಂಗಳು ಯೋಚನೆ ಮಾಡುವವನು ಅಪ್ಪನ ಮುಂದೆ ಕುಳಿತು ಒಂದು ವಾಕ್ಯ ಹೇಳಲು ಎಷ್ಟು ವರ್ಷ ತೆಗೆದುಕೊಂಡಾನು ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಲೆಕ್ಕ ಕೈಗೆ ಹತ್ತಲಿಲ್ಲ.

ಅಷ್ಟರಲ್ಲಿ ಅಬ್ದುಲ್ ಮಜೀದ ಬಾಗಿಲು ತಳ್ಳಿ ಬಂದ. ಗೇಟಿನಲ್ಲೆಲ್ಲ ಎಸಿ ಇರುವುದು ಇದೊಂದೇ ಕೋಣೆಗೆ, ಅವನ ಮಜ್ಜಿಗೆ ಬಾಟಲಿ ಇರುವುದೂ ಇಲ್ಲೇ. ಬಾಟಲಿ ತೆಗೆದು, ಮೈತ್ರಿಯ ಧೂಳು ಮುಖ ನೋಡಿ, ಅವಳ ಕೈಗೇ ಕೊಟ್ಟ. "ಕುಡಿ ಬೇಟಿ. ಇಂವ ನೀರೂ ಕೇಳಿರೂದಿಲ್ಲ, ನನಗ ಗೊತ್ತದ."

"ಮಜೀದ ಚಾಚಾ, ಐದನೇ ಕಾಟಾ ಹ್ಯಾಂಗದ?" ಮೈತ್ರಿ ಕೇಳಿದಳು.

"ಭಾಳ ಛಲೋ ಅದ. ಏಳು ತಿಂಗಳಿಂದ ಅದರ ಮ್ಯಾಲೆ ನಾಯಿ ಮಲಗ್ಲಾಕತ್ತದ. ನಾಯಿ ತೂಕ ಎಷ್ಟದ ಅಂತ ನೋಡಬೇಕಂದ್ರ ಸ್ಕ್ರೀನ್ ಚಾಲೂ ಇಲ್ಲ." ಮಜೀದ ಹೊರಗೆ ಕೈ ಮಾಡಿದ. "ಅಲ್ಲಿ ತಾಹಿರ್ ಅಂತ ಡ್ರೈವರ್ ಇದ್ದಾನ. ಮುಂಜಾನಿ ಆರರಿಂದ ಪಾಳಿದಾಗ ನಿಂತಾನ. ಈ ಕಾಟಾ ಏನು ಫೋಟೋ ತೆಗಿಸ್ಕೊಳ್ಳಾಕ ಕಟ್ಟೀರೇನು ಅಂತ ನನ್ನ ಜೀವಾ ತಿನ್ನಾಕತ್ತಾನ."

ಮೈತ್ರಿ ಮಜ್ಜಿಗೆ ಮುಗಿಸಿ ಬಾಟಲಿ ಕೆಳಗಿಟ್ಟಳು. "ಮೊದ್ಲ ಫೈಲ್ ಓದೋಣ್ರಿ. ಓದಿದ್ರ ಏನೂ ನಿಂದ್ರೂದಿಲ್ಲ, ಅಷ್ಟರ ಗೊತ್ತದಲ್ಲ?"

ಕಪಿಲನ ಮುಖದ ಬಣ್ಣ ಇಳಿಯಿತು. "ನಾನೇ ಓದಿ ಹೇಳ್ತೀನ್ರಿ. ನೀವು ಕೂತಲ್ಲೇ ಕುಂದ್ರಿ."

"ನನಗ ಕಣ್ಣದಾವ."

"ಭಾಳ ಉದ್ದ ಅದ. ಹೊಲಸ್ ಬರದೀನಿ."

"ನಿಮ್ಮ ಕೆಲಸ ನೋಡಾಕೇ ನಮ್ಮ ಆಫೀಸು ಪಗಾರ ಕೊಡ್ತದ. ಪಾಸ್‌ವರ್ಡ್ ಹಾಕ್ರಿ."

ಮಜೀದ ಇಬ್ಬರ ಮುಖ ನೋಡಿ, ತನಗೆ ಹೊರಗೇ ತಂಪು ಎನಿಸಿದವನಂತೆ ಎದ್ದು ಹೋದ. ಕಪಿಲ ಪಾಸ್‌ವರ್ಡ್ ಹಾಕಿ ಕುರ್ಚಿ ಬಿಟ್ಟುಕೊಟ್ಟ. ಬಿಟ್ಟುಕೊಟ್ಟು ಮಶೀನಿನ ಆಚೆ ಹೋಗಿ, ಅವಳ ಕಣ್ಣಿಗೆ ಬೀಳದಂತೆ ನಿಂತ.

ಫೈಲ್ ತೆರೆಯಿತು. ಪ್ರತಿ ಬದಲಾವಣೆಯ ಮೇಲೂ ಕಪಿಲ ಹ್ಯಾಶ್ ಗುರುತು ಹಾಕಿ ಒಂದು ಗೆರೆ ಬರೆದಿದ್ದ. ಹ್ಯಾಶ್ ಹಾಕಿದ ಗೆರೆ ಮನುಷ್ಯರ ನೆನಪಿಗೆ ಮಾತ್ರ, ಮಶೀನ್ ಅದನ್ನು ಓದದೆ ದಾಟಿಕೊಂಡು ಹೋಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಮೈತ್ರಿ ಮೊದಲ ಕೆಲವು ಗೆರೆಗಳನ್ನು ಸರಸರನೆ ಓದಿದಳು. ತಾರೀಖು, ಕಾಟಾದ ನಂಬರು, ಏನು ಬದಲಿ. ಆಮೇಲೆ ಅವಳ ಕೈ ನಿಧಾನವಾಯಿತು.

# 3 ಆಗಸ್ಟ್. ಕಾಟಾ 2, ಸ್ಪೀಡ್ ಬದಲಿ. ಮೈತ್ರಿ ಮೇಡಂ ಹೇಳಿದ್ರು.

# 19 ಸೆಪ್ಟೆಂಬರ್. ಕಾಟಾ 3, ಪೋರ್ಟ್ ಬದಲಿ. ಮೈತ್ರಿ ಹೇಳಿದ್ರು. ಅವ್ರಿಗೆ ನೆಗಡಿ ಆಗ್ಯಾದ.

# 2 ಡಿಸೆಂಬರ್. ಕಾಟಾ 1. ಇವತ್ತ ಫೋನ್ ಇಡೂ ಮುಂದ ನಕ್ರು. ಯಾಕ ನಕ್ರು ಗೊತ್ತಾಗ್ಲಿಲ್ಲ.

# 27 ಫೆಬ್ರವರಿ. ಕಾಟಾ 4. ಶಹಾಬಾದ ಮದವಿದಾಗ ನೋಡ್ದೆ. ಫೋನದಾಗ ಎತ್ತರ ಇರ್ತಾರ ಅಂತ ಅನಿಸಿತ್ತು. ಗಿಡ್ಡ ಇದ್ದಾರ. ಛಲೋ ಆತು.

ಮೈತ್ರಿಗೆ ನಗು ಬಂತು, ಅದೇ ಉಸಿರಿಗೆ ಕಣ್ಣೂ ತುಂಬಿತು. ಕೆಳಗೆ ಇಳಿದಳು.

# 8 ಜುಲೈ. ಬದಲಿ ಏನೂ ಇಲ್ಲ. ಚಿತ್ತಾಪುರ ಸ್ಟೇಷನ್ನದಾಗ ಹೇಳಿಬಿಟ್ಟೆ.

ಕೊನೆಯ ಗೆರೆ ಈ ಮಂಗಳವಾರದ್ದು.

# ಬದಲಿ ಏನೂ ಇಲ್ಲ. ಐತವಾರ ಬರ್ತಾರಂತ. ನಾ ಏನ್ ಮಾಡ್ಲಿ.

ಮಶೀನಿನ ಆಚೆಯಿಂದ ಕಪಿಲನ ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಹ್ಯಾಶ್ ಹಾಕಿದ ಗೆರಿ ಮಶೀನ್ ಓದ್ತದೇನು?" ಮೈತ್ರಿ ಕೇಳಿದಳು.

"ಇಲ್ಲ."

"ಈ ಫೈಲ್ ನಿನ್ನ ಬಿಟ್ಟು ಯಾರರ ತಗೀತಾರೇನು?"

"ಇಲ್ಲ."

"ಮತ್ತ ಯಾರು ಓದ್ಲಿ ಅಂತ ಬರದಿ?"

ಬಂದಾಗಿನಿಂದ ಹಿಡಿದಿದ್ದ ನೀವು ಬಿಟ್ಟು ಅವಳು ನೀ ಎಂದಿದ್ದನ್ನು ಇಬ್ಬರೂ ಗಮನಿಸಿದರು. ಕಪಿಲ ಈಚೆ ಬಂದು ನಿಂತ. ಅವನ ಕಿವಿಗಳು ಕೆಂಪಾಗಿದ್ದವು.

"ಬರದ್ರ ಎದಿ ಹಗುರ ಆಗ್ತಿತ್ತು," ಎಂದ.

"ನಿನ್ನ ಎದಿ ಹಗುರ ಆತು. ನಂದು? ಎರಡು ವರ್ಷ ಫೋನದಾಗ 'ಬರದೀನ್ರಿ, ಬರದೀನ್ರಿ' ಅಂದಿ. ಬರದದ್ದು ಯಾವುದೂ ಹತ್ತಿಲ್ಲ. ಕಾಟಾನೂ ಹತ್ತಿಲ್ಲ, ಮಾತೂ ಹತ್ತಿಲ್ಲ. ನೆಗಡಿ ಆದಾಗ ಹ್ಯಾಂಗಿದ್ದಿ ಅಂತ ನನ್ನ ಕೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?"

ಅವನು ಏನೋ ಹೇಳಲು ಬಾಯಿ ತೆರೆದ. ಮೈತ್ರಿ ಕೈ ಎತ್ತಿ ತಡೆದಳು. ಅವಳ ಕಣ್ಣು ಸ್ಕ್ರೀನಿನ ಮೇಲೆ ಇನ್ನೊಂದು ಕಡೆ ನೆಟ್ಟಿತ್ತು. ಸಿಟ್ಟಿನಲ್ಲೂ ಅವಳ ಕೆಲಸದ ಕಣ್ಣು ಕೆಲಸ ಬಿಟ್ಟಿರಲಿಲ್ಲ.

"ಇಲ್ಲಿ ಬಾ. ಇದೇನು?"

ಐದನೇ ಕಾಟಾಕ್ಕೆಂದು ಬರೆದ ಗೆರೆಯನ್ನು ಕಪಿಲ ನಾಲ್ಕನೇ ಕಾಟಾದ ಗೆರೆಯಿಂದ ನಕಲು ಮಾಡಿ ಅದಕ್ಕಿಂತ ಮೇಲಿನ ಸಾಲಿನಲ್ಲಿ ಅಂಟಿಸಿದ್ದ. ನಕಲು ಮಾಡಿದವನು ಗೆರೆಯ ಶುರುವಿನಲ್ಲಿದ್ದ ಹೆಸರು ಬದಲಿಸಲು ಮರೆತಿದ್ದ. ಎರಡೂ ಗೆರೆಗೆ ಒಂದೇ ಹೆಸರು. ಹಾಗಿದ್ದರೆ ಮಶೀನ್ ಮೊದಲು ಸಿಕ್ಕಿದ್ದನ್ನು ನಂಬುತ್ತದೆ, ಎರಡನೆಯದನ್ನು ಕೈಬಿಡುತ್ತದೆ.

"ಸೋಮವಾರ ಬಂದ್ ಮಾಡಿ ಎಬ್ಬಿಸಿದ್ರ ಏನಾಗ್ತಿತ್ತು, ನೀನೇ ಹೇಳು."

ಕಪಿಲ ಬಗ್ಗಿ ನೋಡಿದ. ಎರಡು ಸಲ ಓದಿದ. "ನಾಕನೇ ಕಾಟಾ ಏಳ್ತಿದ್ದಿಲ್ಲ." ಅವಳ ಕಡೆ ತಿರುಗಿದ. "ಮಾಣಿಕಪ್ಪ ಸರ್‌ಗೂ ಹಿಂಗೇ ಆಗಿತ್ತೇನು?"

"ಹಿಂಗೇ ಏನರ ಆಗಿರ್ತದ. ಅವರು ಬಂದ್ ಮಾಡಿದ್ದು ತಪ್ಪಲ್ಲ ಕಪಿಲ. ವರ್ಷಗಟ್ಲೆ ಬರದು ಬರದು ಇಟ್ಟು, ಒಂದೂ ಹಚ್ಚಿ ನೋಡಲಾರದ್ದು ತಪ್ಪು. ಬರದ ದಿನಾನೇ ಹಚ್ಚಿದ್ರ ತಪ್ಪೂ ಅವತ್ತೇ ತಿಳೀತಿತ್ತು, ತಿದ್ದಾಕೂ ಬರ್ತಿತ್ತು."

ಅವನು ಗೋಡೆಗೆ ಒರಗಿ ನಿಂತ. ನಾಲ್ಕು ವರ್ಷ ಯಾವುದಕ್ಕೆ ಹೆದರಿ ಈ ಕೋಣೆ ಕಾಯುತ್ತ ಕುಳಿತಿದ್ದನೋ ಅದನ್ನು ತನ್ನ ಕೈಯಾರೆ ಫೈಲಿನಲ್ಲಿ ಬರೆದು ಇಟ್ಟಿದ್ದ. ಮೈತ್ರಿಗೆ ಅವನ ಮುಖ ನೋಡಿ ಪಾಪ ಎನಿಸಿತು. ಪಾಪ ಎನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಹೆಸರು ತಿದ್ದಿದರು. ಉಳಿದ ಗೆರೆಗಳನ್ನು ಒಂದೊಂದಾಗಿ ಓದಿದರು. ಸಂಶಯ ಬಂದ ಕಡೆ ಕಪಿಲ ಕಾಟಾದ ತನಕ ಓಡಿಹೋಗಿ ವೈರು ನೋಡಿ ಬಂದ. ಒಂದೂವರೆ ತಾಸು ಹಿಡಿಯಿತು. ಆ ಹೊತ್ತಿನಲ್ಲಿ ಇಬ್ಬರೂ ಕಾಟಾ, ಪೋರ್ಟು, ಸ್ಪೀಡು ಬಿಟ್ಟು ಬೇರೆ ಮಾತಾಡಲಿಲ್ಲ. ಅವನ ಮೊಣಕೈ ಒಮ್ಮೆ ಅವಳ ಮೊಣಕೈಗೆ ತಾಗಿತು. ಇಬ್ಬರೂ ಸರಿಯಲಿಲ್ಲ, ತಾಗಿದ್ದು ಗೊತ್ತಿಲ್ಲದವರ ಹಾಗೆ ಸ್ಕ್ರೀನ್ ನೋಡಿದರು.

"ಒತ್ತು," ಮೈತ್ರಿ ಕುರ್ಚಿ ಬಿಟ್ಟಳು.

"ನೀ ಒತ್ತು. ನಿನ್ನ ಬೆರಳು ಜಾರೂದಿಲ್ಲ."

"ನಿನ್ನ ಫೈಲ್. ಬೆರಳೂ ನಿಂದೇ ಬೇಕು."

ಕಪಿಲ ಕುಳಿತ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಇನಿಟ್ ಎಂದು ಬರೆದ, ಒಂದು ಸ್ಪೇಸ್ ಬಿಟ್ಟ, ಕ್ಯೂ ಒತ್ತಿದ. ಕ್ಯೂ ಬಿದ್ದಿದೆಯೋ ಒಂದು ಬಿದ್ದಿದೆಯೋ ಎಂದು ಮೂಗು ಸ್ಕ್ರೀನಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದ. ಆಮೇಲೆ ಕಣ್ಣು ಮುಚ್ಚಿ ಎಂಟರ್ ಹೊಡೆದ.

ಏನೂ ಆಗಲಿಲ್ಲ. ಮಶೀನ್ ಆಯಿತು ಎನ್ನಲಿಲ್ಲ, ಆಗಲಿಲ್ಲ ಎಂದೂ ಹೇಳಲಿಲ್ಲ. ಇನ್ನೊಂದು ಖಾಲಿ ಗೆರೆ ಬಂದು ಸುಮ್ಮನೆ ನಿಂತಿತು. ಕಪಿಲ ಕಣ್ಣು ತೆರೆದು ಮೈತ್ರಿಯ ಕಡೆ ನೋಡಿದ. ಅವನ ಹಣೆಯ ಮೇಲೆ ಆ ತಂಪಿನಲ್ಲೂ ಬೆವರಿತ್ತು.

ಹೊರಗಿನಿಂದ ಮಜೀದನ ದನಿ ಬಂತು. "ಅರೇ, ಸ್ಕ್ರೀನ್ ಬಂತು. ಐದನೇದು ನಡಸಾವ್ರ ಹೆಸರು ಕೇಳ್ಲಿಕತ್ತದ. ಯಾರ ಹೆಸರು ಹೊಡೀಲಿ?"

"ನಿಮ್ದೇ ಹೊಡೀರಿ ಚಾಚಾ," ಮೈತ್ರಿ ಕೂಗಿ ಹೇಳಿದಳು.

ಕಿಟಕಿಯಿಂದ ನೋಡಿದರೆ ನಾಯಿ ಕಾಟಾದಿಂದ ಇಳಿದು ಬೇಸರದಿಂದ ಮೈ ಕೊಡವುತ್ತಿತ್ತು. ತಾಹಿರ್ ತನ್ನ ಲಾರಿ ತಿರುಗಿಸಿಕೊಂಡು ಬಂದು ಹತ್ತಿಸಿದ. ಉಳಿದ ನಾಲ್ಕು ಕಾಟಾಗಳ ಮೇಲೂ ಲಾರಿಗಳು ಹತ್ತುತ್ತಿದ್ದವು, ಇಳಿಯುತ್ತಿದ್ದವು. ಸ್ಕ್ರೀನಿನ ಮೂಲೆಯಲ್ಲಿ ಲೆಕ್ಕ ಹಾಗೇ ಇತ್ತು. ಸಾವಿರದ ನಾನೂರ ಹನ್ನೆರಡು ದಿನ.

ಕಪಿಲ ಪೆನ್ನು ಮುಟ್ಟಿಕೊಂಡ. ಕುಳಿ ಬಿತ್ತು. "ಸೋಮವಾರದ್ದು ಕ್ಯಾನ್ಸಲ್ ಅಂತ ಮ್ಯಾನೇಜರ್‌ಗೆ ಬರೀಬೇಕು," ಎಂದ ಖುಷಿಯಿಂದ. "ನಾಕನೇ ಕಾಟಾದ ಕೇಬಲ್ಲೂ ಒಂದು ಬದಲಿ ಮಾಡ್ಸಬೇಕು. ಅದನ್ನೂ ಬರದ್ರ—"

ಮೈತ್ರಿ ಚೀಲ ಹೆಗಲಿಗೆ ಹಾಕಿದಳು. ಇಷ್ಟೆಲ್ಲ ಆದ ಮೇಲೂ ಇವನ ತಲೆಯಲ್ಲಿ ಕೇಬಲ್ಲು. ಅವಳಿಗೆ ಸಿಟ್ಟು ಮಾಡುವ ತ್ರಾಣವೂ ಉಳಿದಿರಲಿಲ್ಲ.

"ಐತವಾರ ನಾ ಕುಂದ್ರತೀನಿ," ಎಂದಳು. "ಸೀರಿ ಉಟ್ಕೊಂಡು ಚಾ ಕೊಡ್ತೀನಿ. ಹುಡುಗ ಹೈಸ್ಕೂಲ್ ಮಾಸ್ತರಂತ. ಮಾತಾಡೂದರ ಬರ್ತಿರ್ತದ."

ಬಾಗಿಲು ತೆರೆದು ಬಿಸಿಲಿಗೆ ಬಿದ್ದಳು. ಆಟೋ ನಿಲ್ಲುವ ಕಡೆ ಹೆಜ್ಜೆ ಹಾಕಿದಳು. ಹಿಂದೆ ಓಡಿಬರುವ ಸದ್ದು ಕೇಳಿತು. ಮೈತ್ರಿ ತಿರುಗಲಿಲ್ಲ.

"ಮೈತ್ರಿ, ನಿಂದ್ರು. ಒಂದು ಮಾತು."

"ಬರದಿಡು. ಮುಂದಿನ ಸಲ ಬಂದ್ ಆದಾಗ ಓದ್ತೀನಿ."

ಅವನು ಎದುರು ಬಂದು ದಾರಿ ಕಟ್ಟಿ ನಿಂತ. ಕೋಣೆಯ ಬಾಗಿಲು ಹಾರುಹೊಡೆದಿತ್ತು, ನಾಲ್ಕು ವರ್ಷದಲ್ಲಿ ಮೊದಲ ಸಲ ಖಾಲಿ ಕೋಣೆಗೆ ಬೀಗ ಹಾಕದೆ ಹೊರಗೆ ಬಂದಿದ್ದ. ಸರದಿಯಲ್ಲಿ ನಿಂತಿದ್ದ ಡ್ರೈವರುಗಳು ಲಾರಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು.

"ಕೇಳಿದ್ರ ನಿಮ್ಮಪ್ಪ ಇಲ್ಲ ಅಂದುಬಿಟ್ರ?" ಕಪಿಲ ಕೇಳಿದ. "ಕೇಳೂತನ ಆದ್ರೂ ನೀ ಇರ್ತಿದ್ದಿ. ದಿನಾ ಫೋನ್ ಬರ್ತಿತ್ತು. ಅದು ನಿಂತುಬಿಟ್ರ ಅಂತ ಅಂಜಿಕಿ. ಅದಕ್ಕೇ ಮುಂದ ಹಾಕ್ದೆ. ಬ್ಯಾರೆ ಏನಿಲ್ಲ."

ಬಿಸಿಲು ಸುಡುತ್ತಿತ್ತು. ಎಂಟು ತಿಂಗಳಲ್ಲಿ ಅವನು ಆಡಿದ ಮೊದಲ ನಿಜವಾದ ಮಾತು ಇದು ಎನಿಸಿತು ಮೈತ್ರಿಗೆ.

"ಕೇಳಿದ್ರ ಇಲ್ಲ ಅಂದ್ರೂ ಅನ್ನಬಹುದು," ಎಂದಳು. "ಕೇಳದಿದ್ರ ಐತವಾರ ಆದಮ್ಯಾಲೆ ನಾ ಇರೂದಿಲ್ಲ, ಅದು ಖರೇ. ಯಾವುದು ಬೇಕು ನೋಡು."

ಕಪಿಲ ಫೋನ್ ತೆಗೆದ. "ನಂಬರ್ ಹೇಳು."

ಅವಳು ಹೇಳಿದಳು. ಅವನು ಒತ್ತಿ, ಅವಳಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದ. ನಾಲ್ಕು ಸಲ ರಿಂಗಾಗಿ ಧರ್ಮಣ್ಣನ ಗಡಸು ದನಿ ಬಂತು. "ಯಾರು?"

"ಜೈ ಭೀಮ್ ಕಾಕಾ. ನಾ ಕಪಿಲ ಅಂತ, ಕುರಕುಂಟಾದಂವ. ಸೇಡಂದಾಗ ಕಾರ್ಖಾನಿ ಗೇಟಿನ ಮ್ಯಾಲೆ ಕೆಲಸ ಮಾಡ್ತೀನಿ." ಒಂದು ಉಸಿರು ತೆಗೆದುಕೊಂಡ. "ಕಾಕಾ, ನನಗ ಮೈತ್ರಿನ್ನ ಮದವಿ ಆಗಬೇಕಂತ ಅದ. ಅಕಿಗೂ ಅದ. ನಿಮ್ಮನ್ನ ಕೇಳಬೇಕಿತ್ತು."

ಎಲ್ಲೋ ದೂರದಲ್ಲಿ ಒಂದು ಗೂಡ್ಸ್ ಗಾಡಿ ಹೋಗುವ ಸದ್ದು ಫೋನಿನಲ್ಲಿ ಕೇಳಿತು. ಅದು ಪೂರ್ತಿ ದಾಟಿಹೋಗುವ ತನಕ ಧರ್ಮಣ್ಣ ಮಾತಾಡಲಿಲ್ಲ.

"ಎಷ್ಟು ದಿನದಿಂದ ನಡದದ ಇದು?"

"ಎಂಟು ತಿಂಗಳಾತ್ರಿ, ಅಕಿಗೆ ಹೇಳಿ."

"ಎಂಟು ತಿಂಗಳ ಏನ್ ಮಾಡಾಕತ್ತಿದ್ದಿ?"

ಕಪಿಲ ಮೈತ್ರಿಯ ಮುಖ ನೋಡಿದ. "ಬರ್ಯಾಕತ್ತಿದ್ದೆ ಕಾಕಾ," ಎಂದ.

ಮೈತ್ರಿ ದುಪಟ್ಟಾ ಬಾಯಿಗೆ ಒತ್ತಿಕೊಂಡಳು.

"ಏನ್ ಬರ್ಯಾಕತ್ತಿದ್ಯೋ ಏನೋ," ಧರ್ಮಣ್ಣ ಗೊಣಗಿದ. "ಫೋನದಾಗ ಕೇಳೂ ಮಾತಲ್ಲ ಇದು. ನಿಮ್ಮವ್ವನ ಕರಕೊಂಡು ಬಾ. ಮುಂದ ಕುಂತು ಮಾತಾಡು. ಆಮ್ಯಾಲೆ ನೋಡೋಣ."

"ಯಾವತ್ತ ಬರ್ಲಿ ಕಾಕಾ?"

"ಚಿತ್ತಾಪುರದವ್ರಿಗೆ ನಾ ಇವತ್ತ ಸಂಜಿಕಿ ಫೋನ್ ಹಚ್ಚಿ ಬರ್ರಿ ಅನ್ನಬೇಕು, ಇಲ್ಲಾ ಬ್ಯಾಡ್ರಿ ಅನ್ನಬೇಕು. ಅಷ್ಟರೊಳಗ ಬಾ. ಮುಂದಿನ ಮಾತು ಮುಂದ." ಫೋನ್ ಕಟ್ಟಾಯಿತು.

ಕಪಿಲ ಕೈಗಡಿಯಾರ ನೋಡಿದ. ತಾಂಡೂರು ಕಡೆಯಿಂದ ಬರುವ ಪ್ಯಾಸೆಂಜರಿಗೆ ಇನ್ನೂ ಒಂದು ತಾಸಿತ್ತು. ಅದು ಮೊದಲು ಕುರಕುಂಟಾಕ್ಕೆ ಬರುತ್ತದೆ, ಆಮೇಲೆ ಸೇಡಂ. ಅವ್ವನಿಗೆ ಫೋನ್ ಹಚ್ಚಿದ. "ಅವ್ವಾ, ಹೊಸಾ ಸೀರಿ ಉಟ್ಕೊಂಡು ಟೇಷನ್ನಿಗಿ ಹೋಗು. ಪ್ಯಾಸೆಂಜರ್ ಹತ್ತು. ಯಾಕಂತ ಗಾಡ್ಯಾಗ ಹೇಳ್ತೀನಿ."

ಆಮೇಲೆ ಸೊಂಟದ ಬೀಗದ ಕೈ ಬಿಚ್ಚಿ ಐದನೇ ಕಾಟಾದ ಕ್ಯಾಬಿನ್ನಿಗೆ ಹೋಗಿ ಅಬ್ದುಲ್ ಮಜೀದನ ಮುಂದೆ ಹಿಡಿದ. ಮಜೀದ ಬೀಗದ ಕೈಯನ್ನೂ ಕಪಿಲನನ್ನೂ ಮೈತ್ರಿಯನ್ನೂ ನೋಡಿದ.

"ಇವತ್ತೇ ಹೊಂಟೀಯೇನು? ನೀನೂ ಮುಂದಿನ ಸಲ ಅಂತಿ ಅಂದ್ಕೊಂಡಿದ್ದೆ."

"ಇಲ್ಲ ಚಾಚಾ. ಮಶೀನ್ ಜರಾ ನೋಡ್ಕೋರಿ. ಆ ಹಾರ ತಗದು ಒಗೀರಿ."

ಸೇಡಂ ಸ್ಟೇಷನ್ನಿಗೆ ಗಾಡಿ ಇಪ್ಪತ್ತು ನಿಮಿಷ ತಡವಾಗಿ ಬಂತು. ಆ ಇಪ್ಪತ್ತು ನಿಮಿಷ ಮೈತ್ರಿಗೆ ಜೀವ ಹಿಂಡಿದಂತಾಯಿತು. ಗಾಡಿ ನಿಲ್ಲುತ್ತಿದ್ದಂತೆ ಮೂರನೇ ಡಬ್ಬಿಯ ಕಿಟಕಿಯಿಂದ ಒಂದು ಕೈ ಬೀಸಿತು. ಕಪಿಲನ ಅವ್ವ ಸಾಬಮ್ಮ, ನೇರಳೆ ಸೀರೆ, ತೊಡೆಯ ಮೇಲೆ ವೈರಿನ ಬುಟ್ಟಿ. ಹೋಗುವ ಮನೆ ಯಾವುದು ಎಂದು ಗೊತ್ತಿಲ್ಲದಿದ್ದರೂ ಬುಟ್ಟಿಯಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ಮೈತ್ರಿಯನ್ನು ತಲೆಯಿಂದ ಕಾಲಿನ ತನಕ ನೋಡಿದಳು.

"ಫೋನದಾಗ 'ಮೇಡಂ, ಬರದೀನ್ರಿ' ಅಂತಿದ್ದದ್ದು ಇಕಿಗೇನು?" ಎಂದು ಮಗನನ್ನು ಕೇಳಿದಳು. ಮಗ ತಲೆಯಾಡಿಸಿದ. ಸಾಬಮ್ಮ ಬುಟ್ಟಿ ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. "ಕುಂದ್ರವ್ವ. ಎರಡು ವರ್ಷದಿಂದ ನಾನೂ ಕಾಯಾಕತ್ತೀನಿ, ಈ ಮೇಡಂ ಯಾರು ಅಂತ."

ಮಳಖೇಡ ದಾಟುವಾಗ ಮ್ಯಾನೇಜರರ ಫೋನ್ ಬಂತು. "ಗಾಡ್ಯಾಗ ಇದ್ದೀನ್ರಿ ಸರ್," ಎಂದ ಕಪಿಲ. "ಇಲ್ರಿ, ಸೋಮವಾರ ಬಂದ್ ಮಾಡೂದಿಲ್ಲ. ಐದೂ ಕಾಟಾ ನಡದಾವ. ಹೌದ್ರಿ, ನಾ ಇಲ್ಲದೇನೂ ನಡೀತಾವ." ಫೋನ್ ಇಟ್ಟ ಮೇಲೆ ತಾನು ಹೇಳಿದ್ದನ್ನು ತಾನೇ ನಂಬದವನಂತೆ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದ.

ಚಿತ್ತಾಪುರ ಬಂತು, ಹೋಯಿತು. ಆ ಪ್ಲಾಟ್‌ಫಾರ್ಮಿನ ಕಡೆ ಇಬ್ಬರೂ ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಇನ್ನು ವಾಡಿಯೇ. ಕಪಿಲ ಚೀಲದಿಂದ ಒಂದು ಹಳೆಯ ತೂಕದ ಚೀಟಿ ತೆಗೆದು, ಅದರ ಹಿಂದಿನ ಖಾಲಿ ಜಾಗವನ್ನು ತೊಡೆಯ ಮೇಲೆ ಸರಿಮಾಡಿ ಇಟ್ಟ. ಜೇಬಿನಿಂದ ಪೆನ್ನು ತೆಗೆದ.

"ಏನ್ ಮಾಡ್ತಿ?" ಮೈತ್ರಿ ಕೇಳಿದಳು.

"ನಿಮ್ಮಪ್ಪರ ಮುಂದ ಏನೇನು ಹೇಳಬೇಕು ಅಂತ ಜರಾ ಬರ್ಕೋತೀನಿ. ಮರೀಬಾರದು ನೋಡು."

ಅವಳು ಕೈ ಚಾಚಿ ಅವನ ಬೆರಳುಗಳ ನಡುವಿನಿಂದ ಪೆನ್ನು ತೆಗೆದುಕೊಂಡಳು. ತನ್ನ ಚೀಲಕ್ಕೆ ಹಾಕಿ ಜಿಪ್ ಎಳೆದಳು.

"ಬರೀಬ್ಯಾಡ. ಹೋಗಿ ಹೇಳು."

ಕಪಿಲನ ಬೆರಳು ಜೇಬಿಗೆ ಹೋಯಿತು. ಅಲ್ಲಿ ಪೆನ್ನಿರಲಿಲ್ಲ. ಖಾಲಿ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಅವನು ನಕ್ಕ, ಈ ಸಲ ಕಣ್ಣು ಕೆಳಗಿಳಿಸಲಿಲ್ಲ.